ಶಾಕವ್ರತದಲ್ಲಿ ಬೀಟ್‌ರೂಟ್

ಕೀಲ್ಪಾಕ್‌ನ ಈ ಆಸ್ಪತ್ರೆಯ ಫಿನಾಯಿಲ್ ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮ ಅಜ್ಜಿಗೆ ಕಥೆ ಹೇಳುವ ಹುಮ್ಮಸ್ಸು ಬರುತ್ತದೆ. ಪಕ್ಕದ ಕುರ್ಚಿಯ ಹೆಂಗಸಿಗೆ ಅರ್ಧ ತಮಿಳಿನಲ್ಲಿ ಹೇಳುತ್ತಿದ್ದಾಳೆ: ಮೊಮ್ಮಗಳು ಕಾಲೇಜಿನ ಡಿಬೇಟ್ ಚಾಂಪಿಯನ್, ಹಟ ಹಿಡಿದು ವಾದಿಸಿ ತಾತನನ್ನು ಇಲ್ಲಿಗೆ ಎಳೆತಂದಳು, ಆದ್ದರಿಂದಲೇ ಮೂತ್ರಕೋಶದ ಗಡ್ಡೆ ಸಮಯಕ್ಕೆ ಸಿಕ್ಕಿತು. ಈ ಕಥೆಗೆ ನನ್ನ ಆಕ್ಷೇಪವಿದೆ. ವಾದಿಸಿದ್ದು ನಿಜ. ಆದರೆ ಯಾವ ಪಕ್ಷದಲ್ಲಿ?

ಎರಡು ವರ್ಷದ ಹಿಂದಿನ ಮಾತು. ಅಣ್ಣಾ ನಗರ್ ಮನೆಯಲ್ಲಿ ಒಂದು ಬೆಳಿಗ್ಗೆ ತಾತನಿಗೆ ಮೂತ್ರ ಕೆಂಪಗೆ ಹೋಯಿತು. ಮೈಯಲ್ಲಿ ಉಷ್ಣ ಹೆಚ್ಚಾಗಿದೆ, ಮಜ್ಜಿಗೆ ಕುಡಿದರೆ ಸರಿಹೋಗುತ್ತದೆ ಎಂದರು ತಾತ. ಡಾಕ್ಟರ ಹತ್ತಿರ ಹೋಗೋಣವೆಂದಳು ಅಜ್ಜಿ. ನಾನು ಎದ್ದು ನಿಂತೆ. ಕೂತು ವಾದಿಸುವ ಅಭ್ಯಾಸ ನನಗಿಲ್ಲ. ನೋವಿಲ್ಲ, ಜ್ವರವಿಲ್ಲ, ಆದ್ದರಿಂದ ರೋಗವಿಲ್ಲ. ಬೀಟ್‌ರೂಟ್ ತಿಂದರೆ ಹೀಗಾಗುವುದುಂಟು ಎಂದೆ. ಚಾತುರ್ಮಾಸ್ಯದ ಮೊದಲ ತಿಂಗಳು ನಮ್ಮಂಥ ಮಾಧ್ವರ ಮನೆಗಳಲ್ಲಿ ತರಕಾರಿ ನಿಷಿದ್ಧವೆಂಬುದು ಆ ಕ್ಷಣ ಮರೆತೇಹೋಗಿತ್ತು.

"ಶಾಕವ್ರತಮ್ಮಾ ಇದು. ವಾರದಿಂದ ಒಂದು ಕರಿಬೇವಿನೆಲೆ ಒಳಗೆ ಬಂದಿಲ್ಲ, ಬೀಟ್‌ರೂಟ್ ಎಲ್ಲಿಂದ ಬರತ್ತೆ?" ಎಂದಳು ಅಜ್ಜಿ.

ನೀವೇ ಹೇಳಿ, ಅಲ್ಲಿ ಸೋಲೊಪ್ಪಬಹುದಿತ್ತು. ಬದಲಿಗೆ, ಹೊರಗೆಲ್ಲೋ ತಿಂದಿರಬೇಕು ಎಂದು ತಾತನತ್ತ ತಿರುಗಿದೆ. ತಾತ ಸುಳ್ಳನ್ನು ಮೈಲಿಗೆಯೆಂದು ಎಣಿಸಿದ ಮನುಷ್ಯ. ಒಂದು ಕ್ಷಣ ನನ್ನ ಮುಖ ನೋಡಿದರು.

"ತಿಂದೆ. ರಾಯಪುರಂನಲ್ಲಿ, ವರದನ್ ಮನೇಲಿ. ಎರಡು ಸೌಟು."

ಗೆದ್ದೆ! ಆಸ್ಪತ್ರೆಯ ಮಾತು ನಿಂತು ಪ್ರಾಯಶ್ಚಿತ್ತದ ಮಾತು ಶುರುವಾಯಿತು. ತಾತ ಪಂಚಗವ್ಯ ಕುಡಿದರು. ಅಜ್ಜಿ ವಾರವಿಡೀ ಸೌಟು ಕುಕ್ಕುತ್ತಾ ಬಡಿಸಿದಳು.

ಹತ್ತನೆಯ ದಿನ ಮತ್ತೆ ಕೆಂಪು. ಅದೇ ಸಂಜೆ ಗೆಳೆಯ ವರದನ್ ಫೋನ್ ಮಾಡಿ, ಎರಡು ತಿಂಗಳಿಂದ ತಾನು ಕೊಯಮತ್ತೂರಿನ ಮಗಳ ಮನೆಯಲ್ಲೇ ಇರುವುದಾಗಿ ಹೇಳಿದರು. ಎಳೆತಂದದ್ದು ಆಮೇಲೆ.

ನೋವಿಲ್ಲದೆ ರಕ್ತ ಹೋಗುವುದೇ ಹೆಚ್ಚು ಅನುಮಾನದ ಲಕ್ಷಣ ಎಂದರು ಡಾಕ್ಟರು. ನನ್ನ ತರ್ಕ ಅಲ್ಲೇ ಅಸುನೀಗಿತು. ಮೂತ್ರದ ದಾರಿಯಲ್ಲೇ ಕ್ಯಾಮೆರಾದ ಸಣ್ಣ ನಳಿಕೆ ಕಳಿಸಿ ನೋಡಿದರು. ಮುಂದಿನ ವಾರ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿ, ಹೊಟ್ಟೆ ಕೊಯ್ಯದೆ, ಅದೇ ದಾರಿಯಲ್ಲಿ ಗಡ್ಡೆಯನ್ನು ಕೆರೆದು ತೆಗೆದರು. ನೋಡಲು ಪುಟ್ಟ ಹೂಕೋಸಿನ ಹಾಗಿತ್ತಂತೆ. ಅಜ್ಜಿ ನಿಟ್ಟುಸಿರಿಟ್ಟಳು: "ಅದೂ ಶಾಕವ್ರತದಲ್ಲೇ."

ಕ್ಯಾನ್ಸರೇ ಆಗಿತ್ತು, ಆಳಕ್ಕಿಳಿದಿರಲಿಲ್ಲ. ಮತ್ತೆ ಚಿಗುರುವ ಜಾತಿಯಾದ್ದರಿಂದ ಈ ತಪಾಸಣೆಗಳು. ಆ ಹತ್ತು ದಿನಗಳನ್ನು ಡಾಕ್ಟರು ದೊಡ್ಡದು ಮಾಡಲಿಲ್ಲ. ನಾನು ಮಾಡುತ್ತೇನೆ.

ಇವತ್ತು ಮೊದಲ ಸಲ ಅಜ್ಜಿಯನ್ನು ತಡೆದು, ಬಿಟ್ಟುಹೋದ ಭಾಗವನ್ನೂ ಆ ಹೆಂಗಸಿಗೆ ಹೇಳಿಬಿಟ್ಟೆ. ತಾತ ಕೇಳಿಯೂ ಕೇಳದವರಂತೆ ಹಸಿರು ಗೌನಿನ ದಾರ ಕಟ್ಟಿಕೊಳ್ಳುತ್ತಿದ್ದರು. ನರ್ಸ್ ಅವರ ಹೆಸರು ಕೂಗಿದಳು. ಬಾಗಿಲವರೆಗೆ ಕೈ ಹಿಡಿದು ಹೋಗಿ, ಎರಡು ವರ್ಷದಿಂದ ಕೇಳದಿದ್ದುದನ್ನು ಕೇಳಿದೆ:

"ತಾತಾ, ಅವತ್ತು ಸುಳ್ಳು ಹೇಳಿದ್ದು ಆಸ್ಪತ್ರೆಗೆ ಹೆದರಿಕೊಂಡಾ, ಇಲ್ಲಾ ಅಜ್ಜಿ ಮುಂದೆ ನಾನು ಸೋಲಬಾರದು ಅಂತಲಾ?"