ಎದ್ದಿದೀನಿ ಸಾ

ನಿವೃತ್ತನಾದ ಮೇಲೆ ಏಳು ಗಂಟೆಯವರೆಗೆ ಮಲಗಬೇಕು ಅನ್ನುವುದು ನನ್ನ ಬಹುದಿನದ ಆಸೆಯಾಗಿತ್ತು. ಅದು ಈಡೇರಲಿಲ್ಲ. ಬೆಳಿಗ್ಗೆ ಐದಕ್ಕೆ ಕಣ್ಣು ತಾನಾಗಿ ಬಿಟ್ಟುಕೊಳ್ಳುತ್ತದೆ, ಕೈ ದಿಂಬಿನ ಪಕ್ಕ ಫೋನನ್ನು ತಡಕುತ್ತದೆ. ಇವತ್ತೂ ಹಾಗೇ ಆಯಿತು. ಫೋನು ಸಿಕ್ಕಿತು, ಅದರ ಬೆಳಕು ಮುಖಕ್ಕೆ ರಾಚಿತು, ಯಾರಿಗೂ ಫೋನು ಮಾಡಬೇಕಾಗಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ನನ್ನ ಹೆಂಡತಿ ಮಗ್ಗುಲು ಬದಲಿಸಿ, "ಈಗ ಯಾರನ್ನ ಎಬ್ಬಿಸಬೇಕು? ಎದ್ದಿರೋರು ನೀವೊಬ್ರೇ. ಹೋಗಿ ಹಾಲು ತಗೊಂಡು ಬನ್ನಿ" ಅಂದಳು. ಮಧುಗಿರಿಯ ಬೆಟ್ಟ ಇನ್ನೂ ಕತ್ತಲಲ್ಲೇ ಇತ್ತು. ಹಾಲಿನ ಬೂತಿನ ಕಡೆ ನಡೆಯುತ್ತಾ ಗಿರಿಜಮ್ಮ ನೆನಪಾದರು, ಒಬ್ಬನೇ ನಕ್ಕೆ. ಎದುರಿಗೆ ಬಂದ ಪೇಪರ್ ಹಾಕುವವನು ನನ್ನನ್ನು ಸುತ್ತು ಹಾಕಿಕೊಂಡು ಹೋದ.

ಗಿರಿಜಮ್ಮ ಯಾರು ಅಂತ ಹೇಳುವ ಮೊದಲು ಈ ಐದು ಗಂಟೆಯ ವಿಷಯ ಹೇಳಿಬಿಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನವರು ಎಲ್ಲದಕ್ಕೂ ತುಮಕೂರು ಜಿಲ್ಲೆಯವರೇ. ಮೇಷ್ಟ್ರುಗಳಿಗೆ ಮಾತ್ರ ಇದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಮಗೇ ಒಂದು ಜಿಲ್ಲೆ ಇದೆ ಅಂತ ಒಳಗೊಳಗೇ ಒಂದು ಹೆಮ್ಮೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ಆ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕುತ್ತಿದ್ದೆವು. ಮಕ್ಕಳು ಪಾಸಾಗಲಿ ಅಂತ ನಾವು ಮಾಡದ ಕಾರ್ಯಕ್ರಮವಿಲ್ಲ. ಹಾಲು ಕೊಟ್ಟೆವು, ಮೊಟ್ಟೆ ಕೊಟ್ಟೆವು, ಸಂಜೆ ಪಾಠ, ಗುಂಪು ಓದು, ಮನೆ ಭೇಟಿ ಎಲ್ಲ ಆಯಿತು. ಕೊನೆಗೆ ಬಂದದ್ದೇ ಬೆಳಗಿನ ಫೋನು. ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಒಬ್ಬೊಬ್ಬ ಮೇಷ್ಟ್ರೂ ದತ್ತು ತೆಗೆದುಕೊಳ್ಳಬೇಕು, ದಿನಾ ಬೆಳಗಿನ ಜಾವ ಐದಕ್ಕೆ ಫೋನು ಮಾಡಿ ಅವರನ್ನು ಎಬ್ಬಿಸಿ ಓದಲು ಕೂರಿಸಬೇಕು.

ಈ ಕಾರ್ಯಕ್ರಮ ಮಾಡಿದವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಐದು ಗಂಟೆಗೆ ಫೋನು ಬಂತು ಅಂದರೆ ಯಾರೋ ಹೋಗಿದ್ದಾರೆ ಅಂತಲೇ ಅರ್ಥ. ಮೊದಲ ವಾರ ನಾಲ್ಕು ತಾಲ್ಲೂಕಿನಲ್ಲೂ ಗಾಬರಿಯೋ ಗಾಬರಿ. ಪಾವಗಡದ ತೆಲುಗು ಸೀಮೆ, ತಿರುಮಣಿ ಕಡೆಯ ನನ್ನ ಗೆಳೆಯರೊಬ್ಬರು ಫೋನು ಮಾಡಿದರೆ ಒಬ್ಬ ಅಜ್ಜಿ ಎತ್ತಿಕೊಂಡು, "ಎವರಯ್ಯಾ ಇಂತ ಪೊದ್ದುನ್ನೇ? ಇಷ್ಟು ಬೆಳಿಗ್ಗೇನೇ ಯಾರ್ಗೇನಾಯ್ತಪ್ಪಾ?" ಅಂತ ಅಳುವುದಕ್ಕೇ ಶುರು ಮಾಡಿದರಂತೆ. ನಿಮ್ಮ ಮೊಮ್ಮಗನ ಗಣಿತ ಹೋಗಿದೆ, ಬೇರೆ ಯಾರೂ ಹೋಗಿಲ್ಲ ಅಂತ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಸಮಾಧಾನ ಹೇಳಬೇಕಾಯಿತಂತೆ. ಐ.ಡಿ.ಹಳ್ಳಿ ಕಡೆ ಒಬ್ಬ ತಂದೆ ಮೇಷ್ಟ್ರ ಫೋನಿಗೆ ಎಷ್ಟು ಒಗ್ಗಿಹೋದನೆಂದರೆ, "ಹೆಂಗೂ ಎದ್ದಿರ್ತೀರಲ್ಲ ಸಾ, ತ್ರೀ ಫೇಸ್ ಕರೆಂಟು ಬಂದಿದ್ರೆ ಅದ್ನೂ ಒಂಚೂರು ಹೇಳ್ಬುಡಿ, ಮೋಟ್ರು ಹಾಕ್ಬೇಕು" ಅಂದನಂತೆ. ಸಭೆ ಸೇರಿದಾಗಲೆಲ್ಲ ನಮಗೆ ಇದೇ ಮಾತು, ಇದೇ ನಗು.

ನನ್ನ ಪಾಡು ಇನ್ನೊಂದು. ನಾನು ಹುಟ್ಟಾ ನಿದ್ದೆಬುರುಕ. ಮಕ್ಕಳನ್ನು ನಾನು ಎಬ್ಬಿಸಬೇಕು, ನನ್ನನ್ನು ನನ್ನ ಹೆಂಡತಿ ಎಬ್ಬಿಸಬೇಕು. ಆಗ ನಾನಿದ್ದದ್ದು ಕಳ್ಳಂಬೆಳ್ಳದ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ಗಣಿತದ ಮೇಷ್ಟ್ರಾಗಿ. ನಾನು ದತ್ತು ತೆಗೆದುಕೊಂಡ ಮಕ್ಕಳಲ್ಲಿ ಕಾವ್ಯ ಅಂತ ಒಬ್ಬ ಹುಡುಗಿ. ಕೆರೆಯಾಚೆಯ ಹಳ್ಳಿಯವಳು. ಅಪ್ಪ ಕುರಿ ಹೊಡೆದುಕೊಂಡು ಮೇವಿದ್ದ ಕಡೆ ತಿಂಗಳುಗಟ್ಟಲೆ ಹೋಗಿಬಿಡುವವನು. ಮನೆಯಲ್ಲಿ ತಾಯಿ, ಮಗಳು, ಹಟ್ಟಿಯಲ್ಲಿ ಉಳಿದ ನಾಲ್ಕು ಮರಿ. ಕಾವ್ಯ ಬಲು ಚೂಟಿ, ಹಾಡು ಹೇಳುತ್ತಿದ್ದಳು, ಖೋ ಖೋ ಆಡುತ್ತಿದ್ದಳು, ಎಲ್ಲರನ್ನೂ ನಗಿಸುತ್ತಿದ್ದಳು. ಗಣಿತದ ಪುಸ್ತಕ ತೆಗೆದರೆ ಮಾತ್ರ ಕಣ್ಣಿಗೆ ನಿದ್ದೆ ಬರುತ್ತಿತ್ತು.

ಆಶ್ಚರ್ಯವೆಂದರೆ ಫೋನಿನಲ್ಲಿ ಅವಳು ಬೇರೆಯೇ ಹುಡುಗಿ. ಮೊದಲ ರಿಂಗಿಗೇ ಎತ್ತಿಬಿಡುತ್ತಿದ್ದಳು. "ಎದ್ದಿದೀನಿ ಸಾ" ಅನ್ನುತ್ತಿದ್ದಳು. ಎದ್ದಿದ್ದಾಳೋ ಹೊದಿಕೆಯೊಳಗಿಂದಲೇ ಹೇಳುತ್ತಿದ್ದಾಳೋ ನೋಡೋಣ ಅಂತ ನಾನು ಒಂದೊಂದು ಪ್ರಶ್ನೆ ಕೇಳತೊಡಗಿದೆ. ಮೊದಮೊದಲು ತಡವರಿಸಿದಳು. ಒಂದು ತಿಂಗಳು ಕಳೆಯುವುದರೊಳಗೆ ಪೈಥಾಗೊರಸ್ ಪ್ರಮೇಯವನ್ನು ನೀರು ಕುಡಿದ ಹಾಗೆ ಹೇಳುತ್ತಿದ್ದಳು. ಅದೇ ಪ್ರಶ್ನೆಯನ್ನು ಹಗಲು ತರಗತಿಯಲ್ಲಿ ಕೇಳಿದರೆ ಎದ್ದುನಿಂತು ಕಿಟಕಿಯ ಕಡೆ ನೋಡುತ್ತಿದ್ದಳು. ಪಾಪ, ಸಭಾಕಂಪ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಮಧುಗಿರಿಯ ಸಭೆಯಲ್ಲಿ ಎದ್ದುನಿಂತು, ಬರೀ ಎಬ್ಬಿಸಿದರೆ ಸಾಲದು, ಫೋನಿನಲ್ಲೇ ಪ್ರಶ್ನೋತ್ತರ ನಡೆಸಿದರೆ ಎಂಥ ಮಗುವೂ ಕಲಿಯುತ್ತದೆ ಅಂತ ಭಾಷಣವನ್ನೇ ಬಿಗಿದುಬಿಟ್ಟೆ. ಚಪ್ಪಾಳೆ ಬಿತ್ತು. ಕೊರಟಗೆರೆಯ ಇಬ್ಬರು ಮೇಷ್ಟ್ರುಗಳು ನನ್ನ ಕ್ರಮವನ್ನು ಕೇಳಿ ಬರೆದುಕೊಂಡರು. ಆ ಇಬ್ಬರನ್ನು ಎದುರಿಗೆ ಕಂಡರೆ ಈಗಲೂ ನಾನು ರಸ್ತೆ ದಾಟಿಬಿಡುತ್ತೇನೆ.

ಆಮೇಲೆ ಒಂದು ಚಳಿಗಾಲದ ಬೆಳಗಿನ ಜಾವ ಮನೆ ಭೇಟಿಗೆ ಹೊರಟೆ. ನನ್ನ ಕ್ರಮ ಫಲ ಕೊಟ್ಟಿರುವುದನ್ನು ಕಣ್ಣಾರೆ ನೋಡಿ ಸಂತೋಷಪಡಬೇಕು ಅನ್ನುವುದೇ ಉದ್ದೇಶ, ಬೇರೇನೂ ಇಲ್ಲ. ಸ್ಕೂಟರನ್ನು ಹಳ್ಳಿಯ ಬಾಗಿಲಲ್ಲೇ ನಿಲ್ಲಿಸಿ, ಮಂಕಿ ಕ್ಯಾಪು ಹಾಕಿಕೊಂಡು, ಕಳ್ಳನ ಹಾಗೆ ಕಾವ್ಯಳ ಮನೆಯ ಹತ್ತಿರ ಹೋದೆ. ಮನೆಗೆ ಒತ್ತಿಕೊಂಡಂತೆ ಒಂದು ಬಚ್ಚಲು, ಅದಕ್ಕೆ ಬಾಗಿಲಿಲ್ಲ. ಒಳಗೆ ಹಂಡೆಯ ಒಲೆ ಉರಿಯುತ್ತಿತ್ತು. ಹೊರಗೆ ನಿಂತೇ ಫೋನು ಮಾಡಿದೆ.

"ಎದ್ದಿದೀನಿ ಸಾ."

ಆ ಮಾತು ನನಗೆ ಎರಡು ಕಡೆಯಿಂದ ಕೇಳಿತು, ಫೋನಿನಿಂದ ಒಂದು ಸಲ, ಬಚ್ಚಲಿನಿಂದ ಒಂದು ಸಲ. ಬಗ್ಗಿ ನೋಡಿದೆ. ಒಲೆಯ ಮುಂದೆ ಒಬ್ಬ ಹೆಂಗಸು ಕುಕ್ಕುರುಗಾಲಿನಲ್ಲಿ ಕೂತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ತೆಂಗಿನ ಗರಿ ಒಲೆಗೆ ಹಾಕುತ್ತಿದ್ದರು. ತೊಡೆಯ ಮೇಲೆ ಹತ್ತನೇ ತರಗತಿಯ ಗಣಿತ. ಬಚ್ಚಲಿನ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ತ್ರಿಭುಜ, ವೃತ್ತ, ಶಂಕು. ಅಭ್ಯಾಸಬಲದಿಂದ ಫೋನಿನಲ್ಲಿ, "ಶಂಕುವಿನ ಘನಫಲ ಹೇಳಮ್ಮ" ಅಂದೆ.

"ಒಂದು ಬೈ ಮೂರು ಪೈ ಆರ್ ಸ್ಕ್ವೇರ್ ಹೆಚ್ ಸಾ" ಅಂದ ಆ ಹೆಂಗಸು, ಕಾವ್ಯಳ ತಾಯಿ ಗಿರಿಜಮ್ಮ, ಹಂಡೆಯ ನೀರನ್ನು ಮುಟ್ಟಿ ನೋಡಲು ತಲೆ ಎತ್ತಿದರು. ಬಾಗಿಲಲ್ಲಿ ಮಂಕಿ ಕ್ಯಾಪಿನ ಗಂಡಸು. ಅವರು ಕಿರುಚಿದ ಸದ್ದಿಗೆ ಹಟ್ಟಿಯ ಮರಿಗಳೆಲ್ಲ ಅರಚಿಕೊಂಡವು. ಏಳದಿದ್ದವಳು ಕಾವ್ಯ ಒಬ್ಬಳೇ.

ಟೋಪಿ ತೆಗೆದು ನನ್ನ ಪರಿಚಯ ಹೇಳಿಕೊಂಡ ಮೇಲೆ ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅರ್ಧ ನಗುತ್ತಾ ಅರ್ಧ ಹೆದರುತ್ತಾ ಹೇಳಿದರು. "ಮಗೀಗೆ ಬಯ್ಯಬ್ಯಾಡಿ ಸಾ. ಎಬ್ಬಿಸಾಕೆ ಓಯ್ತೀನಿ, ಮಲಗಿರಾದು ನೋಡುದ್ರೆ ಮನಸೇ ಬರಾಕಿಲ್ಲ. ಎಷ್ಟಾದ್ರೂ ಮೇಷ್ಟ್ರು ಫೋನು ಮಾಡವ್ರೆ, ಎತ್ದೆ ಇರಾಕಾಯ್ತದಾ ಅಂತ ನಾನೇ ಎತ್ಕಂಬುಟ್ಟೆ. ನೀವು ಪ್ರಶ್ನೆ ಕೇಳಾಕೆ ಶುರು ಮಾಡುದ್ರಲ್ಲ, ಅಂಗಾಗಿ ನಾನೂ ಪುಸ್ತಕ ಹಿಡೀಬೇಕಾಯ್ತು."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ನಗು ಬಂತು. ನಕ್ಕು ನಕ್ಕು ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ. ಆಗ ಗೊತ್ತಾಯಿತು: ಗಿರಿಜಮ್ಮನೂ ಎಸ್ಸೆಸ್ಸೆಲ್ಸಿ ಬರೆದಿದ್ದರು, ಗಣಿತ ಒಂದರಲ್ಲಿ ಹೋಗಿತ್ತು. ಮತ್ತೆ ಪರೀಕ್ಷೆಗೆ ಕಟ್ಟುತ್ತೇನೆ ಅಂತಿದ್ದವರಿಗೆ ಅಷ್ಟರಲ್ಲಿ ಮದುವೆ ಮಾಡಿಬಿಟ್ಟಿದ್ದರು. "ಆ ಒಂದು ಸಬ್ಜೆಕ್ಟು ಇವತ್ಗೂ ಎದೆಯಾಗೆ ಕುಂತೈತೆ ಸಾ" ಅಂದಾಗ ಮಾತ್ರ ಅವರು ನಗುತ್ತಿರಲಿಲ್ಲ.

"ಹಾಗಾದ್ರೆ ಈ ಸಲ ಕಟ್ಟಿ" ಅಂದೆ. "ನಿಮ್ಮ ಹಾಗೆ ಉತ್ತರ ಹೇಳೋರು ನನ್ನ ಕ್ಲಾಸಲ್ಲೇ ಇಲ್ಲ."

ಅವರು ಒಲೆಯ ಕಡೆ ತಿರುಗಿದರು. "ಅದೊಂದಾಗಾಕಿಲ್ಲ ಸಾ. ನಾನು ಪಾಸಾಗಿ ಮಗಳು ಫೇಲಾದ್ರೆ? ಮಗೀನ ಮುಖ ಹೆಂಗೆ ನೋಡ್ಲಿ? ನಾನು ಇಂಗೇ ಇದ್ಬುಡ್ತೀನಿ."

ಅಷ್ಟು ಹೊತ್ತಿಗೆ ಕಾವ್ಯ ಕಣ್ಣುಜ್ಜುತ್ತಾ ಬಂದಳು, ನನ್ನನ್ನು ನೋಡಿ ಹೊದ್ದಿದ್ದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡಳು. ಕಂಬಳಿಯೊಳಗಿಂದಲೇ, "ಕಟ್ಟಮ್ಮ ನೀನೂ! ಇಬ್ರೂ ಒಟ್ಗೆ ಬರಿಯಾನ" ಅಂದಳು. ಗಿರಿಜಮ್ಮ ನನ್ನನ್ನೇ ನೋಡಿದರು. "ಇವ್ಳು ಪಾಸಾಯ್ತಾಳೆ ಅಂತ ನೀವು ಮಾತು ಕೊಡ್ತೀರಾ ಸಾ? ಅಂಗಾದ್ರೆ ಕಟ್ತೀನಿ."

ನಗುವಿನ ಹುರುಪಿನಲ್ಲಿ ಮಾತು ಕೊಟ್ಟುಬಿಟ್ಟೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ, "ಪರೀಕ್ಷೆ ಬರೆಯೋದು ನೀವಾ?" ಅಂತ ಕೇಳಿದಳು. ಅವತ್ತಿನಿಂದ ನಿದ್ದೆ ನನಗೇ ಹಾರಿಹೋಯಿತು.

ಆಮೇಲಿನ ಬೆಳಗುಗಳು ನನ್ನ ಮೇಷ್ಟ್ರು ಬಾಳಿನ ಅತ್ಯಂತ ಸುಖದ ಬೆಳಗುಗಳು. ಫೋನು ಮಾಡಿದರೆ ಆ ಕಡೆ ಎರಡು ದನಿ. ಒಂದು ಟಕ್ಕನೆ ಉತ್ತರ ಹೇಳುವುದು, ಇನ್ನೊಂದು ಆಕಳಿಸುತ್ತಾ, "ಅಮ್ಮ, ನೀನು ಹೇಳ್ಬ್ಯಾಡ, ನಂಗೂ ಬರ್ತದೆ" ಅಂತ ಜಗಳಕ್ಕೆ ಬರುವುದು. ನಾನು ಈ ಕಡೆ ಹಾಸಿಗೆಯ ಮೇಲೆ ಕೂತು ಕಾಫಿ ಕುಡಿಯುತ್ತಾ ತೀರ್ಪು ಕೊಡುವುದು. ಕಾವ್ಯ ನಿಜವಾಗಿಯೂ ಏಳತೊಡಗಿದಳು. ತರಗತಿಯಲ್ಲಿ ಕಿಟಕಿಯ ಕಡೆ ನೋಡುವುದು ಕಡಿಮೆಯಾಯಿತು. ಪರೀಕ್ಷೆಯ ಹೊತ್ತಿಗೆ ನನಗೂ ಧೈರ್ಯ ಬಂದಿತ್ತು.

ಫಲಿತಾಂಶ ಬಂತು. ಗಿರಿಜಮ್ಮ ಪಾಸು. ಕಾವ್ಯ ಉಳಿದೆಲ್ಲದರಲ್ಲೂ ಪಾಸು, ಗಣಿತದಲ್ಲಿ ನಾಲ್ಕಾರು ಅಂಕಕ್ಕೆ ನಪಾಸು.

ಮಾತು ಕೊಟ್ಟವನು ನಾನು, ಹೋಗಲೇಬೇಕಿತ್ತು. ಅಷ್ಟು ನಿಧಾನವಾಗಿ ನಾನು ಯಾವತ್ತೂ ಸ್ಕೂಟರ್ ಓಡಿಸಿರಲಿಲ್ಲ. ಕೆರೆ ಏರಿಯ ಮೇಲೆ ಸೈಕಲ್ಲಿನವರೂ ನನ್ನನ್ನು ದಾಟಿಕೊಂಡು ಹೋದರು. ಮನೆಯ ಮುಂದೆ ಗಿರಿಜಮ್ಮ ಒಂದು ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು, ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡು ಎದ್ದುನಿಂತು ಮೆಲ್ಲಗೆ ಹೇಳಿದರು. "ಸಾ, ಒಂದು ಉಪಕಾರ ಮಾಡಿ. ನಾನು ಪಾಸಾಗಿರಾದು ಯಾರ್ಗೂ ಹೇಳ್ಬ್ಯಾಡಿ. ಇಬ್ರೂ ಫೇಲು ಅಂದ್ಬುಡಿ. ಮಗು ಬೆಳಿಗ್ಗೆ ಅತ್ಕಂಡು ಎದ್ದೋದೋಳು ಇನ್ನೂ ಬಂದಿಲ್ಲ."

ಅಷ್ಟರಲ್ಲಿ ಬೀದಿಯ ಆ ತುದಿಯಲ್ಲಿ ಗಲಾಟೆ ಕೇಳಿತು. ಕಾವ್ಯ ಬರುತ್ತಿದ್ದಳು. ಕಣ್ಣು ಅತ್ತು ಊದಿತ್ತು, ಕೈಯಲ್ಲಿ ಜಿಲೇಬಿ ಪೊಟ್ಟಣ. ಕಳ್ಳಂಬೆಳ್ಳದವರೆಗೆ ಹೋಗಿ ತಂದಿದ್ದಳು. ಒಂದು ಮನೆಯನ್ನೂ ಬಿಡದೆ ಬಾಗಿಲಲ್ಲಿ ನಿಂತು, "ಅಮ್ಮ ಪಾಸು! ನಮ್ಮಮ್ಮ ಪಾಸು! ತಗಳಿ" ಅಂತ ಹಂಚಿಕೊಂಡು ಬರುತ್ತಿದ್ದಳು. ಹಿಂದೆ ಅರ್ಧ ಊರು. ಒಬ್ಬ ಮುದುಕ, "ನೀನೇನಾದೆಲೇ?" ಅಂದದ್ದಕ್ಕೆ, "ನಂದು ಇನ್ನೊಂದು ಸಲ ಐತೆ ತಾತ, ಮೊದ್ಲು ಜಿಲೇಬಿ ತಿನ್ನು" ಅಂದಳು.

ಗಿರಿಜಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ಅಳುತ್ತಿದ್ದರು. ಕಾವ್ಯ ಸೆರಗು ಸರಿಸಿದಳು.

"ಫೇಲಾಗಿರಾದು ನಾನು, ಅಳ್ಬೇಕಾಗಿರಾದು ನಾನು. ಬೆಳಿಗ್ಗೆನೇ ಅತ್ತು ಮುಗಿಸ್ದೆ. ನಂಗೆ ಇದೇ ವರ್ಷ ಇನ್ನೂ ಪರೀಕ್ಷೆ ಎರಡು ಐತೆ, ಮೂರು ಐತೆ. ನೀನು ಇಷ್ಟು ವರ್ಷ ಕಾದಿದ್ದೀಯ ಕಣಮ್ಮ. ಬಾಯಿ ತೆಗಿ."

ತಾಯಿ ಬಾಯಿ ತೆರೆದರು. ಒಂದು ಇಡೀ ಜಿಲೇಬಿ ಒಳಗೆ ಹೋಯಿತು. ಅಳುತ್ತಾ, ಅಗಿಯುತ್ತಾ, ನಗುತ್ತಾ ಅವರು ಮಗಳನ್ನು ತಬ್ಬಿಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದನ್ನು ಮುಚ್ಚಿಡುವ ಗೋಜಿಗೆ ನಾನು ಹೋಗಲಿಲ್ಲ. ಮಾತು ಕೊಟ್ಟು ಸೋತ ಮೇಷ್ಟ್ರಿಗೂ ಎರಡು ಜಿಲೇಬಿ ಸಿಕ್ಕಿತು.

ಪರೀಕ್ಷೆ ಎರಡಕ್ಕೆ ನಾನು ಫೋನು ಮಾಡುವ ಅಗತ್ಯವೇ ಬೀಳಲಿಲ್ಲ. ತಾಯಿ ಹೇಳಿಕೊಟ್ಟರು, ಮಗಳು ಕಲಿತಳು, ಪಾಸಾದಳು. ಈಗ ಕಾವ್ಯ ಶಿರಾದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಗಿರಿಜಮ್ಮ ಪಿಯುಸಿಗೆ ಕಟ್ಟಿದ್ದಾರೆ ಅಂತ ಸುದ್ದಿ.

ಹಾಲು ತೆಗೆದುಕೊಂಡು ಮನೆಗೆ ಬಂದರೆ ಜಗುಲಿಯ ಮೇಲೆ ಒಬ್ಬ ಯುವಕ ಕಾಯುತ್ತಿದ್ದ. ನಾನಿದ್ದ ಶಾಲೆಗೇ ಹೊಸದಾಗಿ ಬಂದಿರುವ ಗಣಿತದ ಮೇಷ್ಟ್ರು, ಇದೇ ಬಡಾವಣೆಯಲ್ಲಿ ಮನೆ ಮಾಡಿದ್ದಾನೆ. ವಾಕಿಂಗ್ ಮುಗಿಸಿಕೊಂಡು ಹಾಗೇ ಮಾತಾಡಿಸಿ ಹೋಗೋಣ ಅಂತ ಬಂದಿದ್ದ. ಮುಖದಲ್ಲಿ ಖುಷಿ ತುಳುಕುತ್ತಿತ್ತು.

"ಸಾರ್, ನನಗೂ ಮಕ್ಕಳನ್ನ ದತ್ತು ಕೊಟ್ಟಿದ್ದಾರೆ. ಒಬ್ಬ ಹುಡುಗಿ ಇದ್ದಾಳೆ ನೋಡಿ, ಕ್ಲಾಸಲ್ಲಿ ಬಾಯೇ ಬಿಡಲ್ಲ, ಬೆಳಿಗ್ಗೆ ಫೋನಲ್ಲಿ ಏನು ಕೇಳಿದ್ರೂ ಪಟಪಟ ಅಂತ ಹೇಳ್ತಾಳೆ. ಮುಂದಿನ ಮೀಟಿಂಗಲ್ಲಿ ಇದರ ಬಗ್ಗೆ ಎರಡು ಮಾತಾಡೋಣ ಅಂತಿದೀನಿ."

ಹಾಲಿನ ಪ್ಯಾಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟೆ. ಅವಳು ಆಗಲೇ ಬಾಗಿಲ ಹಿಂದೆ ನಗುತ್ತಿದ್ದಳು.

"ಮೀಟಿಂಗ್ ಇರಲಿ, ಮೊದಲು ಅವರ ಮನೆಗೆ ಒಂದು ಸಲ ಹೋಗಿ ಬಾರಪ್ಪ" ಅಂದೆ. "ಹೋಗುವಾಗ ಪರೀಕ್ಷೆ ಕಟ್ಟೋ ಅರ್ಜಿ ಒಂದು ಜೇಬಲ್ಲಿಟ್ಕೊಂಡು ಹೋಗು."