ಕ್ಯಾಲೆಂಡರಿನ ಹಿಂದಿನ ಚೀಟಿ

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ಫೈಲುಗಳ ಕೋಣೆ ಇಪ್ಪತ್ತೆರಡು ವರ್ಷ ಅವರ ಸುಪರ್ದಿಯಲ್ಲಿತ್ತು. ಅದರ ಬೀಗದ ಕೈ ಅವರ ಸೊಂಟ ಬಿಟ್ಟು ಇಳಿದದ್ದನ್ನು ಕಂಡವರಿಲ್ಲ. ಒಮ್ಮೆ ದೊಡ್ಡ ಡಾಕ್ಟರೇ ಬಂದು ಕೈ ಚಾಚಿದಾಗ, ಯಾವ ಫೈಲು ಬೇಕು ಹೇಳಿ, ನಾನೇ ತರುತ್ತೇನೆ ಎಂದು ಬಾಗಿಲಲ್ಲೇ ನಿಲ್ಲಿಸಿದ್ದರು. ಮನೆಯಲ್ಲೂ ಅದೇ ಕಥೆ. ಇವತ್ತು ಯಾರ್ಯಾರು ಬಂದಿದ್ದರು ಎಂದು ಗಂಡ ಕೆದಕಿದರೆ, ಹುಷಾರಿಲ್ಲದವರು ಬಂದಿದ್ದರು ಎನ್ನುತ್ತಿದ್ದರು. ಜಪ್ಪಯ್ಯ ಅಂದರೂ ಅದಕ್ಕಿಂತ ಒಂದಕ್ಷರ ಹೆಚ್ಚು ಬರುತ್ತಿರಲಿಲ್ಲ. ಕೊನೆಗೆ ಆ ಮನುಷ್ಯ ಕೇಳುವುದನ್ನೇ ಬಿಟ್ಟು ಪೇಪರು ಹಿಡಿದು ಕೂತ.

ಈ ಬಾಯಿಯನ್ನು ಎಲ್ಲರಿಗಿಂತ ಹೆಚ್ಚಾಗಿ ನಂಬಿದವಳು ತಂಗಿ. ಒಬ್ಬಳೇ ಇದ್ದಳು, ಮನೆಯ ಮುಂಗೋಣೆಯಲ್ಲಿ ಪುಟ್ಟ ಮಕ್ಕಳ ಶಿಶುವಿಹಾರ ನಡೆಸುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳು ಊಟ ನಿದ್ದೆ ಬಿಟ್ಟು ಗೋಡೆ ನೋಡುತ್ತ ಕೂರತೊಡಗಿದಾಗ, ಅಕ್ಕನೇ ಕೈಹಿಡಿದು ತಮ್ಮ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕರೆತಂದಿದ್ದರು. ಮಾತ್ರೆ ಹಿಡಿಯಿತು, ತಂಗಿ ಮತ್ತೆ ಮನುಷ್ಯಳಾದಳು. ಚಿಕಿತ್ಸೆಯ ಸಂಗತಿ ಡಾಕ್ಟರಿಗೆ ಗೊತ್ತು, ಅಕ್ಕನಿಗೆ ಗೊತ್ತು, ಮೂರನೆಯವರಿಗಿಲ್ಲ. ಅವಳ ಫೈಲಿನ ಮೊದಲ ಪುಟದಲ್ಲಿ, 'ವಿವರ ಯಾರಿಗೆ ತಿಳಿಸಬಹುದು' ಎಂಬ ಸಾಲಿನ ಮುಂದೆ ಅಕ್ಕನ ಹೆಸರೊಂದೇ ಇತ್ತು.

ಆಮೇಲೆ ಕಂಪ್ಯೂಟರು ಬಂತು. ಫೈಲುಗಳೆಲ್ಲ ಅದರ ಹೊಟ್ಟೆ ಸೇರಿದವು, ಬೀಗದ ಕೈಯನ್ನು ಆಫೀಸಿಗೆ ಒಪ್ಪಿಸಬೇಕಾಯಿತು. ಬದಲಿಗೆ ಒಂದು ಪಾಸ್‌ವರ್ಡು ಕೊಟ್ಟರು. ಆ ಕಂಪ್ಯೂಟರೋ, ಒಮ್ಮೆ ಮುಚ್ಚಿದರೆ ತೆರೆಯಲು ಹತ್ತು ನಿಮಿಷ ತಗೊಳ್ಳುವ ಮಹಾರಾಯ. ಬೀಗದಕ್ಕ ಬಂದು ತೆರೆದುಕೊಡುವ ತನಕ ಕೌಂಟರಿನಲ್ಲಿ ಸಾಲು ಬೆಳೆಯುತ್ತಿತ್ತು, ನರ್ಸುಗಳು ಗೊಣಗುತ್ತಿದ್ದರು. ಪಾಪ ಎನ್ನಿಸಿ ಬೀಗದಕ್ಕ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದರು. ನಾನಿಲ್ಲದಾಗ ನೀವೇ ತೆಗೆದುಕೊಳ್ಳಿ ಎಂದರು. ಕಬ್ಬಿಣದ ಬೀಗದ ಕೈಯನ್ನು ದೊಡ್ಡ ಡಾಕ್ಟರಿಗೂ ಕೊಡದವರು ಇದನ್ನು ಇಡೀ ಮಹಡಿಗೆ ಹಂಚಿಬಿಟ್ಟರು. ಸೊಂಟಕ್ಕೆ ಭಾರವಾಗದ್ದೂ ಬೀಗದ ಕೈಯೇ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೊಂದು ವಾರ ತಂಗಿಯ ಶಿಶುವಿಹಾರಕ್ಕೆ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಬರಲಿಲ್ಲ. ತಲೆ ಸರಿಯಿಲ್ಲದವಳ ಕೈಗೆ ಮಕ್ಕಳನ್ನು ಹೇಗೆ ಕೊಡುವುದು ಎಂದು ಒಬ್ಬ ತಾಯಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದಳಂತೆ. ಅವಳು ಮಾತ್ರೆಯ ಹೆಸರನ್ನೂ ಹೇಳಿದಳಂತೆ. ತಂಗಿ ಅಕ್ಕನಿಗೆ ಫೋನು ಮಾಡಿ ಒಂದೇ ಮಾತು ಕೇಳಿದಳು.

"ನಿಂಗೊಬ್ಳಿಗೇ ಗೊತ್ತಿತ್ತಲ್ಲ ಅಕ್ಕ?"

ಬೀಗದಕ್ಕ ತಾವೇ ಹೋಗಿ ಆಸ್ಪತ್ರೆಯ ಮೇಲಧಿಕಾರಿಗೆ ದೂರು ಕೊಟ್ಟರು. ಕಂಪ್ಯೂಟರು ನೋಡಿಕೊಳ್ಳುವವನು ಬಂದು ಹುಡುಕಿದ. ಅದರೊಳಗೆ ಯಾರು ಯಾವ ಫೈಲು ಯಾವಾಗ ತೆರೆದರು ಎಂಬುದೆಲ್ಲ ದಾಖಲಾಗುತ್ತದಂತೆ. ಕಳೆದ ತಿಂಗಳ ಒಂದು ಮಂಗಳವಾರ, ಬೆಳಗಿನ ಹನ್ನೊಂದು ಇಪ್ಪತ್ತಕ್ಕೆ ತಂಗಿಯ ಫೈಲು ತೆರೆದಿತ್ತು. ತೆರೆದವರ ಜಾಗದಲ್ಲಿದ್ದದ್ದು ಬೀಗದಕ್ಕನದೇ ಹೆಸರು. ಆ ದಿನ ಅವರು ಜ್ವರ ಬಂದು ರಜೆ ಹಾಕಿ ಮನೆಯಲ್ಲಿ ಮಲಗಿದ್ದರು. ಚೀಟಿ ನೋಡಿದವರು ಇಡೀ ಮಹಡಿಯಲ್ಲಿದ್ದರು. ಅವರಲ್ಲಿ ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಮೇಲಧಿಕಾರಿ ಒಳ್ಳೆಯವರೇ. ಬಾಗಿಲು ಹಾಕಿಸಿ ಕೂರಿಸಿದರು. "ಹೊರಗಿನೋರು ಯಾರೋ ಪಾಸ್‌ವರ್ಡ್ ಕದ್ದಿದಾರೆ ಅಂತ ಬರ್ದುಕೊಡಿ. ರಜೆ ಚೀಟಿ ಹೇಗೂ ಇದೆ. ನಿಮಗೂ ಕೆಟ್ಟ ಹೆಸರಿಲ್ಲ, ನಮಗೂ ಇಲ್ಲ."

ಆ ಕಾಗದ ತೋರಿಸಿದರೆ ತಂಗಿಯೂ ನಂಬುತ್ತಿದ್ದಳು. ಬೀಗದಕ್ಕ ಒಂದಿಡೀ ದಿನ ಅದನ್ನೇ ತೂಗಿ ನೋಡಿದರು. ಆಸೆಯಾಯಿತು, ಸುಳ್ಳೇಕೆ. ಮರುದಿನ ತಂಗಿಯ ಮನೆಗೆ ಹೋದರು. ಮೂರು ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಪಿಸುದನಿಯಲ್ಲೇ, ನಾನು ಯಾರಿಗೂ ಹೇಳಿಲ್ಲ, ಆದರೆ ಬಾಗಿಲು ತೆರೆದಿಟ್ಟವಳು ನಾನೇ ಎಂದು ಚೀಟಿಯ ಕಥೆ ಹೇಳಿದರು. ತಂಗಿ ಮಗುವೊಂದರ ಹೊದಿಕೆ ಸರಿಮಾಡಿ ಒಳಗೆ ಹೋದಳು. ಬೀಗದಕ್ಕ ವಾಪಸು ಬಂದು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಅವರನ್ನು ಫೈಲಿನ ಕೆಲಸದಿಂದ ತೆಗೆದು ನೋಂದಣಿಯ ಕೌಂಟರಿಗೆ ಹಾಕಿದರು.

ಅಲ್ಲಿ ಅವರು ಪ್ರತಿ ರೋಗಿ ಹೋದ ಮೇಲೂ ಕಂಪ್ಯೂಟರನ್ನು ಮುಚ್ಚಿ, ಹೊಸದಾಗಿ ಪಾಸ್‌ವರ್ಡು ಒತ್ತಿ ತೆರೆಯುತ್ತಾರೆ. ಸಾಲಿನವರ ಬೈಗುಳ ಎಷ್ಟೇ ಜೋರಾದರೂ ಸರಿ.

ಎರಡು ತಿಂಗಳ ಮೇಲೆ ಆ ಸಾಲಿನಲ್ಲಿ ತಂಗಿ ಬಂದಳು. ತುಂಬಿದ ಅರ್ಜಿಯನ್ನು ಕಿಂಡಿಯೊಳಗೆ ತಳ್ಳಿದಳು. ವಿವರ ಬದಲಾಯಿಸುವ ಅರ್ಜಿ. ಬೀಗದಕ್ಕ ಅದನ್ನು ಎರಡು ಸಲ ಓದಿದರು.

"ಯಾರೂ ಇಲ್ಲ ಅಂತಾನೇ ಹಾಕ್ಲಾ?"

"ಹೂಂ. ಹಾಗೇ ಹಾಕು."

ಬೀಗದಕ್ಕ ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. 'ವಿವರ ಯಾರಿಗೆ ತಿಳಿಸಬಹುದು' ಎಂಬ ಸಾಲಿನಲ್ಲಿದ್ದ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಅಳಿಸಿ, ಯಾರೂ ಇಲ್ಲ ಎಂದು ಒತ್ತಿದರು. ತಂಗಿ ಹೊರಟ ಮೇಲೆ ಎಂದಿನಂತೆ ಕಂಪ್ಯೂಟರು ಮುಚ್ಚಿದರು. ಅದು ಮತ್ತೆ ತೆರೆಯುವ ಹತ್ತು ನಿಮಿಷ ಸಾಲಿನವರು ಏನೇನು ಅಂದರೋ, ಬೀಗದಕ್ಕನಿಗೆ ಒಂದೂ ಕೇಳಿಸಲಿಲ್ಲ.