ಶುಕ್ರವಾರ ಹಾಕಿದ ಸ್ಲ್ಯಾಬ್

ಕಾರ್ಖಾನೆಯ ಸಿವಿಲ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕನಾಗಿದ್ದು ನಿವೃತ್ತನಾದ ಎರಡನೆಯ ಬೇಸಿಗೆಯಲ್ಲಿ, ದಾಂಡೇಲಿಯ ನಮ್ಮ ಚರ್ಚನ್ನು ಮತ್ತೆ ಕಟ್ಟುವ ಹೊಣೆ ನನ್ನ ಮೇಲೆ ಬಿತ್ತು. ಚರ್ಚಿಗೂ ಅದಕ್ಕಂಟಿದ, ಜನ ಕೂಡುವ ಹಾಲಿಗೂ ಒಂದೇ ಸೂರು. ತೊಲೆಗಳನ್ನು ಗೆದ್ದಲು ತಿಂದಿದ್ದರಿಂದ ಅದನ್ನು ಇಳಿಸಿಯಾಗಿತ್ತು. ಕೆಲಸ ಹುಡುಕಿ ಗೋವೆಗೆ ಹೋದವರನ್ನು ಬಿಟ್ಟರೆ ಸಭೆಯಲ್ಲಿ ಉಳಿದದ್ದು ಮೂವತ್ತೆಂಟು ಕುಟುಂಬ. ಫಾದರ್ ಕರೆದು ಹೇಳಿದರು: "ಮಳೆಗಾಲಕ್ಕೆ ಮೊದಲು ಸೂರು ಆಗದಿದ್ದರೆ ನಮ್ಮನ್ನು ಬೇರೆ ಊರಿನ ಚರ್ಚಿಗೆ ಸೇರಿಸುತ್ತಾರೆ. ಇಲ್ಲಿ ಭಾನುವಾರದ ಬಲಿಪೂಜೆ ನಿಲ್ಲುತ್ತದೆ."

ನಿಲ್ಲಬಾರದು ಎಂದು ನಿರ್ಧರಿಸಿದೆ. ಐವತ್ತು ಅಡಿ ಉದ್ದ, ಇಪ್ಪತ್ತೆರಡು ಅಡಿ ಅಗಲದ ಕಾಂಕ್ರೀಟ್ ಸ್ಲ್ಯಾಬ್. ಇದು ಅರ್ಧಕ್ಕೆ ಬಿಡುವ ಕೆಲಸವಲ್ಲ. ಹಾಕಿದ ಕಾಂಕ್ರೀಟ್ ಬಿಗಿಯುವ ಮೊದಲೇ ಹೊಸದು ಅದಕ್ಕೆ ಕೂಡಬೇಕು. ತಡವಾದರೆ ನಡುವೆ ಸಂದು ಉಳಿಯುತ್ತದೆ. ಇಂಜಿನಿಯರುಗಳು ಅದನ್ನು ಕೋಲ್ಡ್ ಜಾಯಿಂಟ್ ಎನ್ನುತ್ತಾರೆ. ಮೊದಲ ಮಳೆಯ ನೀರು ಅಲ್ಲಿಂದಲೇ ಇಳಿಯುತ್ತದೆ.

ಸಿಮೆಂಟ್, ಮರಳು, ಜಲ್ಲಿ, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಎಲ್ಲವನ್ನೂ ಪಟ್ಟಿ ಮಾಡಿ ಟಿಕ್ ಹಾಕಿದೆ. ಮಿಕ್ಸರ್ ಸಿಕ್ಕಿದ್ದು ಶುಕ್ರವಾರಕ್ಕೆ. ಬೆಳಿಗ್ಗೆ ಆರಕ್ಕೆ ಆರಂಭ ಎಂದಾಗ ಹಿಂದೆ ಮಿಲ್ಲಿನಲ್ಲಿ ನನ್ನ ಕೈಕೆಳಗೆ ದುಡಿದಿದ್ದ ಬಾಬಾಜಾನ್ ಮೇಸ್ತ್ರಿ ಒಪ್ಪಿದರು. ಮಧ್ಯಾಹ್ನದೊಳಗೆ ಮುಗಿಯುತ್ತದೆಂಬ ಲೆಕ್ಕ ಅವರದು. ಆದರೆ ಮಿಕ್ಸರಿನ ಟೈರು ಹಳಿಯಾಳದ ಹತ್ತಿರ ಪಂಕ್ಚರ್ ಆಗಿ, ಅದು ಬಂದದ್ದು ಒಂಬತ್ತೂವರೆಗೆ. ಮರುದಿನಕ್ಕೆ ಮುಂದೂಡಬಹುದಿತ್ತು. ಮುಂದೂಡುವುದು ನನ್ನ ರೂಢಿಯಲ್ಲ, ಕೆಲಸ ಹಿಡಿಸಿದೆ.

ಹನ್ನೆರಡೂವರೆಗೆ ಅರ್ಧ ಸ್ಲ್ಯಾಬ್ ಆಗಿತ್ತು. ಬಾಬಾಜಾನ್ ಕೆಳಗಿಳಿದು ಕೈ ತೊಳೆದರು.

"ಸಾಹೇಬ್ರ, ಇವತ್ತ ಜುಮ್ಮಾ ಐತ್ರಿ. ನಾವು ಹತ್ತು ಮಂದಿ ಮಸೀದಿಗೆ ಹೋಗಬೇಕು."

"ಸ್ಲ್ಯಾಬ್ ಅರ್ಧಕ್ಕ ನಿಂತೈತಲ್ಲೋ ಮಾರಾಯ!"

"ಅದಕ್ಕ ಕೇಳಾಕತ್ತೇನಿ. ರಿಲೀವರ್ ಬರೂತನಕ ಮಷಿನ್ ಬಿಡಬಾರ್ದು ಅಂತ ಮಿಲ್ಲಿನಾಗ ನೀವ ಕಲಿಸೀರಿ. ನಮ್ಮ ರಿಲೀವರ್ ಯಾರ್ರಿ?"

ರಿಲೀವರ್ ಎಂದರೆ ಮುಂದಿನ ಪಾಳಿಯವನು. ನನ್ನ ಪಟ್ಟಿಯಲ್ಲಿ ಅವನೇ ಇರಲಿಲ್ಲ. ಮೂವತ್ತೊಂದು ವರ್ಷ ಪಾಳಿ ಬರೆದವನು ಶುಕ್ರವಾರ ಅವರ ನಮಾಜಿನ ದಿನವೆಂಬುದನ್ನೇ ಮರೆತಿದ್ದೆ. ನಮ್ಮ ಸಭೆಯ ಗಂಡಸರು ಡ್ಯೂಟಿಯಲ್ಲಿದ್ದರು. ಸ್ಥಳದಲ್ಲಿದ್ದದ್ದು ಐದು ಜನ ಮುದುಕರು ಮಾತ್ರ.

ರಸ್ತೆಯ ಆಚೆ ಗಂಗವ್ವನ ಮನೆ. ಆಕೆ ಓಣಿಯ ಮಹಿಳಾ ಸಂಘದ ಮುಖ್ಯಸ್ಥೆ. ಹಿಂದೊಮ್ಮೆ ಸಂಘದ ಸಭೆಗೆ ನಮ್ಮ ಹಾಲ್ ಕೇಳಿ ಅರ್ಜಿ ಕೊಟ್ಟಿದ್ದರು. ಚರ್ಚಿನ ಕಾರ್ಯದರ್ಶಿಯಾಗಿದ್ದ ನಾನು "ಅವಕಾಶವಿಲ್ಲ" ಎಂದು ಬರೆದು ಮರಳಿಸಿದ್ದೆ. ಹೊರಗಿನವರಿಗೆ ಅದುವರೆಗೆ ಕೊಟ್ಟಿರಲಿಲ್ಲ, ಅಷ್ಟೇ ಕಾರಣ. ಈಗ ನಾನೇ ರಸ್ತೆ ದಾಟಿದೆ. ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

"ಬರ್ರಿ ಸೆಕ್ರೆಟರಿ ಸಾಹೇಬ್ರ. ಅರ್ಜಿ ತಂದೀರೇನು?"

"ಇಲ್ಲವ್ವ. ಬುಟ್ಟಿ ಹೊರಾಕ ಒಂದೂವರೆ ತಾಸು ಮಂದಿ ಬೇಕಾಗ್ಯಾರ. ಇಲ್ಲಾಂದ್ರ ಸೂರು ಕೆಡತೈತಿ."

"ನಿಮ್ಮ ಗೇಟಿನೊಳಗ ಬರಾಕ ನಮಗ ಅವಕಾಶ ಐತೇನ್ರಿ?"

"ಅವತ್ತ ನಾ ಬರದದ್ದು ತಪ್ಪು."

ಅವರು ಮೊರ ಕೆಳಗಿಟ್ಟರು. "ಕಡೀಕ ಬಾಯಿ ಬಿಟ್ರಲ್ಲ! ಏ ಶಾಂತಾ, ಎಲ್ಲಾರ್ನೂ ಕರಿ. ಸಿಂಬಿ ತರ್ರೆ. ಸಾಹೇಬ್ರೂ ಬುಟ್ಟಿ ಹೊರ್ತಾರ, ನೋಡೂಣು."

ಹದಿನೆಂಟು ಹೆಂಗಸರು ಬಂದರು. ಸಾಲು ಹೇಗೆ ನಿಲ್ಲಬೇಕೆಂದು ತೋರಿಸಿ ಬಾಬಾಜಾನ್ ನಮಾಜಿಗೆ ಹೋದರು. ಮಿಕ್ಸರ್ ಮತ್ತು ವೈಬ್ರೇಟರ್ ನಡೆಸುವ ಹಳಿಯಾಳದ ಇಬ್ಬರು ಉಳಿದರು. ನಾನೂ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬುಟ್ಟಿ ಹೊತ್ತೆ. "ಚೆಲ್ಲಬ್ಯಾಡ್ರಿ, ಮಂದಿ ಮ್ಯಾಲ ಜೋರು ಮಾಡಿದ್ದು ಸಾಕು" ಎಂದು ಹಿಂದಿನಿಂದ ಗಂಗವ್ವ ಗದರುತ್ತಿದ್ದರು. ಸಾಲು ಒಮ್ಮೆಯೂ ನಿಲ್ಲಲಿಲ್ಲ. ಎರಡೂಕಾಲು ಗಂಟೆಗೆ ಮಸೀದಿಯಿಂದ ಮರಳಿದ ಬಾಬಾಜಾನ್ ಟೋಪಿಯನ್ನೂ ತೆಗೆಯದೆ ಏಣಿ ಹತ್ತಿ, ಅಂಚಿಗೆ ಬೆರಳಿಟ್ಟು ನೋಡಿದರು. "ಹಸಿ ಐತ್ರಿ," ಎಂದರು. ನಾಲ್ಕೂವರೆಗೆ ಮುಗಿಯಿತು.

ಇಪ್ಪತ್ತೊಂದು ದಿನ ನೀರುಣಿಸಿ, ಅಡಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದೆವು. ಟಾರ್ಚ್ ಹಿಡಿದು ಅಡಿ ಅಡಿಯಾಗಿ ನೋಡಿದೆ, ಎಲ್ಲಿಯೂ ಸಂದು ಇರಲಿಲ್ಲ. ಜೂನಿನ ಮಳೆಗೆ ಒಂದು ಹನಿಯೂ ಇಳಿಯಲಿಲ್ಲ. ಬಲಿಪೂಜೆ ಇಲ್ಲೇ ಮುಂದುವರಿಯಿತು.

ಕೆಲಸದ ಪಟ್ಟಿಯಲ್ಲಿ ಸಾಮಾನಿಗಿಂತ ಮೊದಲು ಮನುಷ್ಯರನ್ನು ಬರೆಯಬೇಕು: ಕೆಲಸ ಮಾಡುವವರು ಯಾರು, ಅವರ ದಿನ ಯಾವುದು, ಕಷ್ಟಕ್ಕೆ ಯಾರ ಬಾಗಿಲು ತಟ್ಟಬಹುದು. ವೃತ್ತಿ ನನಗೆ ಈ ಪಾಠವನ್ನು ನಿವೃತ್ತಿಯ ನಂತರ ಕಲಿಸಿತು.

ಚರ್ಚಿನ ಹಾಲ್ ಓಣಿಗೆಲ್ಲ ತೆರೆಯುವ ಠರಾವನ್ನು ನಾನೇ ಸಭೆಯ ಮುಂದಿಟ್ಟೆ. ಹಿರಿಯರೊಬ್ಬರು ಎದ್ದು, "ಕಟ್ಟಡ ನಮ್ಮದಲ್ಲೇನ್ರಿ?" ಎಂದರು.

"ಮ್ಯಾಲ ನೋಡ್ರಿ," ಎಂದೆ. "ಯಾವ ಅರ್ಧ ನಮ್ಮದು, ಯಾವ ಅರ್ಧ ಅವ್ರದು, ತೋರಸ್ರಿ."

ಎಲ್ಲರೂ ತಲೆ ಎತ್ತಿ ಬಹಳ ಹೊತ್ತು ಸಂದು ಹುಡುಕಿದರು.